ರೇಷ್ಮೆ ತ್ಯಾಜ್ಯಕ್ಕೂ ಒಂದು ಜಾತಕ ಬೇಕು

ಭಾರತದಲ್ಲಿ ಉತ್ಪಾದನೆಯಾಗುವ ಕಚ್ಚಾ ರೇಷ್ಮೆಯಲ್ಲಿ ಸುಮಾರು ಮೂರನೆಯ ಒಂದು ಪಾಲು ಕರ್ನಾಟಕದ್ದು. ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲಗಳ ಗೂಡಿನ ಬೆಲೆ ಏರಿದರೂ ಇಳಿದರೂ ಪತ್ರಿಕೆಗಳು ಬರೆಯುತ್ತವೆ, ಶಾಸನಸಭೆಯಲ್ಲಿ ಚರ್ಚೆಯಾಗುತ್ತದೆ, ನಮ್ಮಂತಹ ವಾಣಿಜ್ಯ ಸಂಸ್ಥೆಗಳು ಸರ್ಕಾರಕ್ಕೆ ಮನವಿ ಸಲ್ಲಿಸುತ್ತವೆ. ಆದರೆ ಅದೇ ಊರುಗಳ ನೂಲು ಬಿಚ್ಚಾಣಿಕೆ ಘಟಕಗಳ ಹಿಂಬಾಗಿಲಿನಿಂದ ಇನ್ನೊಂದು ಸರಕು ಮೂಟೆಗಳಲ್ಲಿ ಹೊರಹೋಗುತ್ತಿರುತ್ತದೆ. ಅದರ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. ಗೂಡಿನ ಹೊರಪದರದ ಸಡಿಲ ಎಳೆ, ಬೇಸಿನ್ನಿನಲ್ಲಿ ತುದಿ ಹುಡುಕುವಾಗ ಬರುವ ಸಿಕ್ಕು, ಕೊನೆಯಲ್ಲಿ ಪ್ಯೂಪಾದ ಮೇಲೆ ಉಳಿಯುವ ತೆಳುಪೊರೆ, ತೂತುಗೂಡು, ಜೋಡಿಗೂಡು, ಇವೆಲ್ಲವೂ ತ್ಯಾಜ್ಯವೆಂಬ ಒಂದೇ ಹೆಸರಿನಲ್ಲಿ ತೂಕದ ಲೆಕ್ಕಕ್ಕೆ ಮಾರಾಟವಾಗುತ್ತವೆ. ನೂಲಿನಲ್ಲಿ ಲಾಭ ಕೈಗೆ ಹತ್ತದ ದಿನಗಳಲ್ಲಿ ಈ ತ್ಯಾಜ್ಯದ ಮತ್ತು ಪ್ಯೂಪಾದ ಹಣವೇ ಸೌದೆ ಹಾಗೂ ಕೂಲಿಯ ಖರ್ಚನ್ನು ಅಷ್ಟಿಷ್ಟು ತೂಗಿಸುತ್ತದೆ ಎಂಬುದು ಈ ಕಸುಬಿನವರೆಲ್ಲರಿಗೂ ತಿಳಿದ ಸಂಗತಿ.

ಇದೇ ತ್ಯಾಜ್ಯದಲ್ಲಿರುವ ಪ್ರೋಟೀನಿನಿಂದ ಗಾಯದ ಪಟ್ಟಿ, ಸುಟ್ಟಗಾಯದ ಹೊದಿಕೆ, ಅಂಗಾಂಶ ಬೆಳೆಸುವ ಜಾಲರಿ ಮುಂತಾದ ವೈದ್ಯಕೀಯ ಸಾಮಗ್ರಿಗಳನ್ನು ನೇಯದ ಬಟ್ಟೆಯ ರೂಪದಲ್ಲಿ ತಯಾರಿಸಬಹುದೆಂದು ಕಳೆದ ಎರಡು ದಶಕಗಳ ಸಂಶೋಧನೆ ತೋರಿಸಿದೆ. ಇದನ್ನು ಕೇಳಿದೊಡನೆ ನಮ್ಮಲ್ಲಿ ಏಳುವ ಮೊದಲ ಬೇಡಿಕೆ ಯಂತ್ರಕ್ಕೆ ಸಹಾಯಧನ, ಎರಡನೆಯದು ಕೈಗಾರಿಕಾ ನಿವೇಶನ. ಈ ಎರಡೂ ಬೇಕಾದುವೇ ಇರಬಹುದು. ಆದರೆ ಇವೆರಡಕ್ಕೂ ಮೊದಲು ಬೇಕಾದ ಮೂರನೆಯದೊಂದಿದೆ. ಈ ಕಚ್ಚಾವಸ್ತು ಎಲ್ಲಿ ಹುಟ್ಟಿತು, ಯಾವ ನೀರಿನಲ್ಲಿ ಬೆಂದಿತು, ಯಾರ ಕೈಯಲ್ಲಿ ಎಷ್ಟು ದಿನ ಇತ್ತು ಎಂಬುದಕ್ಕೆ ದಾಖಲೆ ಇರಬೇಕು. ಹುಟ್ಟಿನ ವಿವರವಿಲ್ಲದ ರೇಷ್ಮೆಗೆ ಆಸ್ಪತ್ರೆಯ ಬಾಗಿಲು ತೆರೆಯುವುದಿಲ್ಲ ಎಂಬುದೇ ಈ ಲೇಖನದ ವಾದ.

ಹುಳು ಮೊದಲೇ ಮಾಡಿಟ್ಟ ಬಟ್ಟೆ

ನೇಯದ ಬಟ್ಟೆ, ಅಂದರೆ ನಾನ್‌ವೋವನ್, ಎಂಬುದು ಈಗ ಹೊಸ ಮಾತಲ್ಲ. 2020ರ ಕೋವಿಡ್ ಕಾಲದಲ್ಲಿ ನಾವೆಲ್ಲರೂ ಮುಖಕ್ಕೆ ಕಟ್ಟಿಕೊಂಡ ಶಸ್ತ್ರಚಿಕಿತ್ಸಾ ಮಾಸ್ಕುಗಳು ಪಾಲಿಪ್ರೊಪಿಲೀನಿನ ನೇಯದ ಬಟ್ಟೆಗಳೇ ಆಗಿದ್ದವು. ಹಾಸು ಹೊಕ್ಕುಗಳಿಲ್ಲದೆ ಎಳೆಗಳನ್ನು ಹಾಳೆಯಂತೆ ಹರಡಿ, ಸೂಜಿಯಿಂದಲೋ ನೀರಿನ ಧಾರೆಯಿಂದಲೋ ಶಾಖದಿಂದಲೋ ಅಂಟಿನಿಂದಲೋ ಪರಸ್ಪರ ಬೆಸೆದು ಇದನ್ನು ಮಾಡುತ್ತಾರೆ. ಮಗ್ಗಕ್ಕೆ ಬೇಕಾದಷ್ಟು ಉದ್ದದ ಎಳೆ ಇದಕ್ಕೆ ಬೇಕಿಲ್ಲ. ಸೀರೆಗೆ ಒದಗದ ತುಂಡು ಎಳೆಯೂ ಇಲ್ಲಿ ಕೆಲಸಕ್ಕೆ ಬರುತ್ತದೆ.

ಸ್ವಲ್ಪ ಯೋಚಿಸಿದರೆ ರೇಷ್ಮೆಗೂಡೇ ಒಂದು ನೇಯದ ಬಟ್ಟೆ. ಹಣ್ಣಾದ ಹುಳು ಚಂದ್ರಿಕೆಯನ್ನೇರಿ, ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ, ಒಂದೇ ಎಳೆಯನ್ನು ಪದರಪದರವಾಗಿ ಇಳಿಸುತ್ತದೆ. ದ್ವಿತಳಿ ಗೂಡಿನಲ್ಲಿ ಆ ಎಳೆ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದವಿರುವುದುಂಟು. ಎಳೆಯ ಒಳತಿರುಳು ಫೈಬ್ರೋಯಿನ್ ಎಂಬ ಪ್ರೋಟೀನು. ಅದನ್ನು ಸುತ್ತಿರುವ ಅಂಟು ಸೆರಿಸಿನ್ ಎಂಬ ಇನ್ನೊಂದು ಪ್ರೋಟೀನು. ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಫೈಬ್ರೋಯಿನ್, ಉಳಿದುದರಲ್ಲಿ ಬಹುತೇಕ ಸೆರಿಸಿನ್. ಎಳೆಯ ಮೇಲೆ ಎಳೆ ಬಿದ್ದ ಕಡೆಯೆಲ್ಲ ಸೆರಿಸಿನ್ ಒಣಗಿ ಬೆಸುಗೆಯಾಗುತ್ತದೆ. ನೂಲು ಬಿಚ್ಚುವವರು ಬಿಸಿನೀರಿನಲ್ಲಿ ಸಡಿಲಗೊಳಿಸುವುದು ಈ ಬೆಸುಗೆಯನ್ನೇ. ಮೂಲೆಯಾಗಲಿ ಆಸರೆಯಾಗಲಿ ಇಲ್ಲದ ಸಮತಟ್ಟಾದ ಜಾಗದಲ್ಲಿ ಬಿಟ್ಟರೆ ಹುಳು ಗೂಡಿನ ಬದಲು ಹಾಳೆಯನ್ನೇ ಹರಡುತ್ತದೆ. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ 2013ರಲ್ಲಿ ಸುಮಾರು 6,500 ಹುಳುಗಳಿಂದ ಒಂದು ಮಂಟಪದ ಹೊದಿಕೆಯನ್ನೇ ಈ ರೀತಿ ಮಾಡಿಸಿದ್ದರು. ಆದುದರಿಂದ ರೇಷ್ಮೆಯ ನೇಯದ ಬಟ್ಟೆ ರೇಷ್ಮೆಯ ಸ್ವಭಾವಕ್ಕೆ ಹೊರತಾದುದೇನಲ್ಲ.

ಪ್ರಯೋಗಾಲಯಗಳು ತೋರಿಸಿಕೊಟ್ಟದ್ದು

ರೇಷ್ಮೆ ದಾರದಿಂದ ಗಾಯ ಹೊಲಿಯುವ ಪದ್ಧತಿ ಬಹಳ ಹಳೆಯದು. ಇಂದಿಗೂ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಅದರ ಬಳಕೆ ಇದೆ. ಔಷಧಸಂಹಿತೆಗಳು ಈ ದಾರವನ್ನು ದೇಹದಲ್ಲಿ ಕರಗದ ದಾರಗಳ ಪಟ್ಟಿಯಲ್ಲಿ ಇಟ್ಟಿವೆ. ವಾಸ್ತವವಾಗಿ ಅದು ಕರಗದೆಯೇ ಇರುವುದಿಲ್ಲ. ದೇಹದ ಕಿಣ್ವಗಳು ಅದನ್ನು ನಿಧಾನವಾಗಿ ಒಡೆಯುತ್ತವೆ; ಸುಮಾರು ಒಂದು ವರ್ಷದಲ್ಲಿ ಅದರ ಬಹುಪಾಲು ಬಲ ಕುಂದುತ್ತದೆ. ಸಂಶೋಧಕರ ಗಮನ ಸೆಳೆದದ್ದು ಈ ನಿಧಾನವೇ. ಹೊಸ ಅಂಗಾಂಶ ಬೆಳೆಯುವಷ್ಟು ಕಾಲ ಆಸರೆಯಾಗಿ ನಿಂತು ಅನಂತರ ಮೆಲ್ಲನೆ ಮರೆಯಾಗುವ ವಸ್ತು ವೈದ್ಯರಿಗೆ ಬೇಕಾಗಿತ್ತು.

2002ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಕಪ್ಲಾನ್ ಮತ್ತು ಸಂಗಡಿಗರು ಫೈಬ್ರೋಯಿನ್ ದ್ರಾವಣದಿಂದ, ವಿದ್ಯುತ್ ಕ್ಷೇತ್ರದ ನೆರವಿನಲ್ಲಿ, ಅತಿ ಸೂಕ್ಷ್ಮ ಎಳೆಗಳ ಹಾಳೆಯನ್ನು ತಯಾರಿಸಿದ ವರದಿ ಪ್ರಕಟವಾಯಿತು. 2004ರಲ್ಲಿ ಜರ್ಮನಿಯ ಮೈನ್ಸ್ ಮತ್ತು ಇಟಲಿಯ ಟ್ರೆಂಟೊ ನಗರಗಳ ವಿಜ್ಞಾನಿಗಳು ಫಾರ್ಮಿಕ್ ಆಮ್ಲದಿಂದ ಸಂಸ್ಕರಿಸಿದ ನೇಯದ ರೇಷ್ಮೆ ಜಾಲರಿಯ ಮೇಲೆ ಮಾನವನ ಚರ್ಮ, ರಕ್ತನಾಳ, ಮೂಳೆ ಮುಂತಾದ ಹಲವು ಬಗೆಯ ಕೋಶಗಳು ಅಂಟಿ ಬೆಳೆಯುವುದನ್ನು ತೋರಿಸಿದರು. ಮರುವರ್ಷ, 2005ರಲ್ಲಿ, ವೆರೋನಾ ವಿಶ್ವವಿದ್ಯಾಲಯದ ಉಬಾಲ್ಡೊ ಅರ್ಮಾಟೊ ಅವರ ತಂಡ ಅಂತಹದೇ ಬಟ್ಟೆಯನ್ನು ಇಲಿಗಳ ಚರ್ಮದಡಿ ಇರಿಸಿ ಆರು ತಿಂಗಳು ಗಮನಿಸಿತು. ರಕ್ತನಾಳಗಳಿಂದ ಕೂಡಿದ ಹೊಸ ಸಂಯೋಜಕ ಅಂಗಾಂಶ ಬಟ್ಟೆಯ ಎಳೆಗಳ ನಡುವೆ ತುಂಬಿಕೊಂಡಿತ್ತು. ಪರವಸ್ತುವನ್ನು ದೇಹ ದೂರವಿಡುವಾಗ ಕಟ್ಟುವ ನಾರಿನ ಕೋಶ ಅದರ ಸುತ್ತ ಕಂಡುಬರಲಿಲ್ಲ.

ನಮ್ಮ ದೇಶದಲ್ಲಿಯೂ ಕೆಲಸ ನಡೆಯದೆ ಇಲ್ಲ. ಗುವಾಹಟಿ ಮತ್ತು ದೆಹಲಿಯ ಐಐಟಿಗಳು, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ರೇಷ್ಮೆ ಪ್ರೋಟೀನಿನ ಜೈವಿಕ ವಸ್ತುಗಳ ಮೇಲೆ ಸಂಶೋಧನೆ ನಡೆಸಿವೆ. ಬೆಂಗಳೂರಿನ ಫೈಬ್ರೋಹೀಲ್ ಸಂಸ್ಥೆ ರೇಷ್ಮೆ ಪ್ರೋಟೀನ್ ಆಧಾರಿತ ಗಾಯದ ಸಾಮಗ್ರಿಗಳನ್ನು ಮಾರುಕಟ್ಟೆಗೇ ತಂದಿದೆ. ಕೇಂದ್ರ ರೇಷ್ಮೆ ಮಂಡಳಿಯ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದೆ; ಅದರ ತಾಂತ್ರಿಕ ಸಂಶೋಧನಾ ಸಂಸ್ಥೆಯೂ ಇಲ್ಲಿಯೇ ಇದೆ. ತಳಿ ಮತ್ತು ಹಿಪ್ಪುನೇರಳೆಯ ಸಂಶೋಧನೆಗೆ ಮೈಸೂರಿನ ಸಂಸ್ಥೆಯೂ ರಾಜ್ಯ ಸರ್ಕಾರದ ತಲಘಟ್ಟಪುರದ ಸಂಸ್ಥೆಯೂ ಇವೆ. ಗೂಡು, ಜ್ಞಾನ, ಆಸ್ಪತ್ರೆ, ಉದ್ಯಮ ಇವು ನಾಲ್ಕೂ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಒಟ್ಟಿಗೆ ದೊರೆಯುವ ಪ್ರದೇಶಗಳು ಲೋಕದಲ್ಲಿ ಹೆಚ್ಚಿಲ್ಲ.

ಮೂರು ದಾರಿ, ಮೂರು ಬಗೆಯ ಖರ್ಚು

ರೇಷ್ಮೆಯಿಂದ ವೈದ್ಯಕೀಯ ನೇಯದ ಬಟ್ಟೆ ಮಾಡಲು ಮುಖ್ಯವಾಗಿ ಮೂರು ದಾರಿಗಳಿವೆ. ಉದ್ಯಮಶೀಲರು ಇವುಗಳ ವ್ಯತ್ಯಾಸವನ್ನು ಮೊದಲೇ ಅರಿತಿರುವುದು ಒಳಿತು.

ಮೊದಲನೆಯದು ಯಾಂತ್ರಿಕ ವಿಧಾನ. ಅಂಟು ತೆಗೆದ ರೇಷ್ಮೆಯನ್ನು ನಾಲ್ಕೈದು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಹಿಂಜಿ, ಹಾಳೆಯಾಗಿ ಹರಡಿ, ಸೂಜಿಗಳಿಂದ ಅಥವಾ ಒತ್ತಡದ ನೀರಿನ ಧಾರೆಗಳಿಂದ ಹೆಣೆಯುವುದು. ಇಲ್ಲಿ ಎಳೆಯ ಸಹಜ ಬಲ ಉಳಿಯುತ್ತದೆ. ರಾಸಾಯನಿಕದ ಬಳಕೆ ಕಡಿಮೆ. ಯಂತ್ರಗಳು ಬೇರೆ ನಾರುಗಳಿಗೆ ಈಗಾಗಲೇ ಬಳಕೆಯಲ್ಲಿರುವಂತಹವೇ. ಎರಡನೆಯದು ಎಳೆಗಳ ಮೇಲ್ಮೈಯನ್ನು ಫಾರ್ಮಿಕ್ ಆಮ್ಲದಂತಹ ದ್ರಾವಕದಿಂದ ಸ್ವಲ್ಪವೇ ಕರಗಿಸಿ ಸಂಧಿಗಳಲ್ಲಿ ಬೆಸೆಯುವುದು. ಮೂರನೆಯದು ಫೈಬ್ರೋಯಿನನ್ನು ಲಿಥಿಯಂ ಬ್ರೋಮೈಡ್ ಅಥವಾ ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣದಲ್ಲಿ ಪೂರ್ತಿಯಾಗಿ ಕರಗಿಸಿ, ಲವಣವನ್ನು ಸೋಸಿ ತೆಗೆದು, ವಿದ್ಯುತ್ ಕ್ಷೇತ್ರದಲ್ಲಿ ಸೂಕ್ಷ್ಮ ಎಳೆಗಳಾಗಿ ಮರಳಿ ಎಳೆಯುವುದು. ಇದರಲ್ಲಿ ದೊರೆಯುವ ಎಳೆ ಸಹಜ ಎಳೆಗಿಂತ ಹತ್ತಾರು ಪಟ್ಟು ತೆಳ್ಳಗಿರುತ್ತದೆ. ಆದರೆ ಲವಣಕ್ಕೂ ಶುದ್ಧ ನೀರಿಗೂ ಸಮಯಕ್ಕೂ ತಗಲುವ ವೆಚ್ಚ ಹೆಚ್ಚು, ಉತ್ಪಾದನೆ ನಿಧಾನ. ದ್ರಾವಕದ ಅಂಶ ಉಳಿದಿಲ್ಲವೆಂಬುದನ್ನೂ ರುಜುವಾತುಪಡಿಸಬೇಕಾಗುತ್ತದೆ.

ನಮ್ಮ ಮಧ್ಯಮ ಉದ್ಯಮಗಳಿಗೆ ಮೊದಲನೆಯ ದಾರಿಯೇ ಸೂಕ್ತವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಒಂದು ಕಾರಣ ವೆಚ್ಚ. ಇನ್ನೊಂದು ಕಾರಣ ಕಾನೂನಿಗೆ ಸಂಬಂಧಿಸಿದ್ದು. 2017ರ ವೈದ್ಯಕೀಯ ಸಾಧನಗಳ ನಿಯಮಗಳು 2018ರ ಜನವರಿಯಿಂದ ಜಾರಿಗೆ ಬಂದವು. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಸಾಧನಗಳೂ ನಿಯಂತ್ರಣದ ವ್ಯಾಪ್ತಿಗೆ ಸೇರಿದವು. ಅಪಾಯದ ಮಟ್ಟಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿವೆ. ಎ ಮತ್ತು ಬಿ ವರ್ಗಗಳ ತಯಾರಿಕೆಗೆ ರಾಜ್ಯದ ಪರವಾನಗಿ ಪ್ರಾಧಿಕಾರ, ಸಿ ಮತ್ತು ಡಿ ವರ್ಗಗಳಿಗೆ ಕೇಂದ್ರದ ಪ್ರಾಧಿಕಾರ ಅನುಮತಿ ನೀಡುತ್ತವೆ. ಚರ್ಮದ ಮೇಲೆ ಕೆಲವು ದಿನ ಇದ್ದು ತೆಗೆದುಹಾಕುವ ಪಟ್ಟಿಗೂ ದೇಹದೊಳಗೆ ಉಳಿದು ಕರಗುವ ಜಾಲರಿಗೂ ಬೇಕಾಗುವ ಪರೀಕ್ಷೆ, ಕಾಲ, ಬಂಡವಾಳಗಳಲ್ಲಿ ಅಜಗಜಾಂತರವಿದೆ. ಹೊಸದಾಗಿ ಹೆಜ್ಜೆಯಿಡುವವರು ಮೇಲಿನ ಮೆಟ್ಟಿಲಿಗೆ ಹಾರುವುದಕ್ಕಿಂತ ಕೆಳಗಿನ ಮೆಟ್ಟಿಲಿನಿಂದ ಹತ್ತುವುದು ಜಾಣತನ.

ಹಾದಿ ತುಂಡಾಗಿರುವ ಕಡೆ

ವೈದ್ಯಕೀಯ ಸಾಮಗ್ರಿಯ ತಯಾರಕನೊಬ್ಬ ನಮ್ಮ ತ್ಯಾಜ್ಯ ವ್ಯಾಪಾರಿಯ ಗೋದಾಮಿಗೆ ಬಂದನೆಂದು ಭಾವಿಸೋಣ. ಆತ ಬೆಲೆ ಕೇಳುವ ಮೊದಲು ಬೇರೆ ಪ್ರಶ್ನೆಗಳನ್ನು ಕೇಳುತ್ತಾನೆ. ಈ ಮೂಟೆಯಲ್ಲಿರುವುದು ಯಾವ ತಳಿಯ ಗೂಡು? ಹಿಪ್ಪುನೇರಳೆ ತೋಟಕ್ಕೆ ಏನನ್ನು ಸಿಂಪಡಿಸಿದ್ದರು? ಹುಳುಮನೆಯನ್ನು ಯಾವ ಸೋಂಕುನಿವಾರಕದಿಂದ ತೊಳೆದಿದ್ದರು? ಗೂಡು ಬೇಯಿಸಿದ ನೀರು ಬಾವಿಯದೋ, ಕೊಳವೆಬಾವಿಯದೋ? ಅದನ್ನು ಎಷ್ಟು ಸಲ ಬಳಸಿದ್ದರು? ಒಣಗಿಸಿದ್ದು ನೆಲದ ಮೇಲೋ, ಹಲಗೆಯ ಮೇಲೋ? ಹುರಿ ಘಟಕದ ಎಣ್ಣೆ ತಾಗಿದ ನೂಲಿನ ತುಂಡು ಇದರಲ್ಲಿ ಸೇರಿದೆಯೇ? ಮುಂದಿನ ತಿಂಗಳೂ ಇದೇ ಗುಣದ ಸರಕು ದೊರೆಯುವುದೇ?

ಇವುಗಳಲ್ಲಿ ಒಂದಕ್ಕೂ ವ್ಯಾಪಾರಿಯ ಬಳಿ ಉತ್ತರವಿರುವುದಿಲ್ಲ. ತಪ್ಪು ಅವನದಲ್ಲ. ಇದುವರೆಗೆ ಅವನಿಂದ ಕೊಂಡವರಾರೂ ಈ ಪ್ರಶ್ನೆಗಳನ್ನು ಕೇಳಿರಲಿಲ್ಲ. ಹತ್ತಾರು ಘಟಕಗಳ ಸರಕು ಅವನ ಗೋದಾಮಿನಲ್ಲಿ ಬೆರೆತುಹೋಗುತ್ತದೆ. ಬೆರೆತ ಕ್ಷಣಕ್ಕೆ ಅದರ ಇತಿಹಾಸವೂ ಅಳಿಸಿಹೋಗುತ್ತದೆ.

ಈ ಪ್ರಶ್ನೆಗಳು ಕೇವಲ ಕಾಗದದ ಕಿರುಕುಳವೆಂದು ಭಾವಿಸಬಾರದು. ಎರಡು ಉದಾಹರಣೆಗಳನ್ನು ಗಮನಿಸಬಹುದು. ಫೈಬ್ರೋಯಿನ್ ಮೇಲಿನ ಅಂಟನ್ನು ತೆಗೆಯಲು ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ತೊಳೆಯುವ ಸೋಡಾದ ತಿಳಿ ದ್ರಾವಣದಲ್ಲಿ ಅರ್ಧ ಗಂಟೆ ಕುದಿಸುತ್ತಾರೆ. ಕುದಿಸುವ ಕಾಲ ಹೆಚ್ಚಿದಂತೆ ಫೈಬ್ರೋಯಿನ್ ಸರಪಳಿಗಳು ತುಂಡಾಗುತ್ತವೆ, ಬಲ ಕುಗ್ಗುತ್ತದೆ, ದೇಹದಲ್ಲಿ ಕರಗುವ ವೇಗವೂ ಬದಲಾಗುತ್ತದೆ. ಕಾಲ ಕಡಿಮೆಯಾದರೆ ಸೆರಿಸಿನ್ ಉಳಿಯುತ್ತದೆ. ಎಳೆಯ ಮೇಲೆ ಹೀಗೆ ಅರೆಬರೆ ಉಳಿದ ಸೆರಿಸಿನ್ ಉರಿಯೂತಕ್ಕೆ ಕಾರಣವಾಗಬಹುದೆಂಬ ಆತಂಕ ರೇಷ್ಮೆ ದಾರದ ಕಾಲದಿಂದಲೂ ಇದೆ. ಒಂದೇ ಗೂಡನ್ನು ಹತ್ತು ನಿಮಿಷ ಕುದಿಸಿದರೆ ಒಂದು ವಸ್ತು, ಒಂದು ಗಂಟೆ ಕುದಿಸಿದರೆ ಇನ್ನೊಂದು ವಸ್ತು. ಹೊರನೋಟಕ್ಕೆ ಎರಡೂ ಬೆಳ್ಳಗೆ ಹೊಳೆಯುತ್ತವೆ.

ಎರಡನೆಯ ಉದಾಹರಣೆ ಇನ್ನೂ ಸೂಕ್ಷ್ಮವಾದದ್ದು. ಬೇಸಿನ್ನಿನ ಬೆಚ್ಚನೆಯ ನೀರಿನಲ್ಲಿ ಪ್ಯೂಪಾದ ಸಾರ ಇಳಿದು ನೀರು ಕಂದುಬಣ್ಣಕ್ಕೆ ತಿರುಗುವುದನ್ನು ಎಲ್ಲರೂ ಕಂಡಿದ್ದೇವೆ. ಅಂತಹ ನೀರಿನಲ್ಲಿ ನೆನೆದು, ಒದ್ದೆಯಾಗಿಯೇ ಗುಡ್ಡೆ ಬಿದ್ದ ತ್ಯಾಜ್ಯದಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ತಯಾರಿಕೆಯ ಕೊನೆಯಲ್ಲಿ ಉಗಿಯಿಂದ ಕ್ರಿಮಿಶುದ್ಧಿ ಮಾಡಿದರೆ ಅವು ಸಾಯುವುದೇನೋ ನಿಜ. ಆದರೆ ಸತ್ತ ಬ್ಯಾಕ್ಟೀರಿಯಾಗಳ ಹೊರಪೊರೆಯಿಂದ ಬಿಡುಗಡೆಯಾಗುವ ಎಂಡೋಟಾಕ್ಸಿನ್ ಎಂಬ ವಿಷ ಆ ಉಗಿಗೆ ಜಗ್ಗುವುದಿಲ್ಲ. ಅದನ್ನು ನಾಶಮಾಡಲು ಬೇಕಾದ 250 ಡಿಗ್ರಿಯ ಒಣಶಾಖವನ್ನು ರೇಷ್ಮೆ ತಾಳದು. ಆದುದರಿಂದ, ವಿಶೇಷವಾಗಿ ದೇಹದೊಳಗೆ ಇಡುವ ಸಾಮಗ್ರಿಗಳಲ್ಲಿ, ಕಾರ್ಖಾನೆಯ ಕೊನೆಯ ಹಂತದಲ್ಲಿ ಎಷ್ಟೇ ಹಣ ಸುರಿದರೂ ಮೊದಲ ಹಂತದ ಕೊಳೆಯನ್ನು ಸರಿಪಡಿಸಲಾಗದು. ಶುದ್ಧತೆ ಬೇಸಿನ್ನಿನ ಬಳಿಯೇ ಆರಂಭವಾಗಬೇಕು.

ಕಚ್ಚಾ ರೇಷ್ಮೆ ನೂಲಿಗೆ 2ಎ, 3ಎ, 4ಎ ಎಂಬ ಶ್ರೇಣಿಗಳಿವೆ. ಎಳೆಯ ಸಮತೆ, ಗಂಟು, ಬಲಗಳನ್ನು ಅಳೆದು ಶ್ರೇಣಿ ನೀಡಲಾಗುತ್ತದೆ. ಜಗತ್ತಿನ ಯಾವ ಮೂಲೆಯ ನೇಕಾರನಿಗೂ ಅದರ ಅರ್ಥ ತಿಳಿಯುತ್ತದೆ. ಪ್ರೋಟೀನಿನ ಶುದ್ಧತೆಯನ್ನು ಸೂಚಿಸುವ ಅಂತಹ ಭಾಷೆ ನಮ್ಮ ತ್ಯಾಜ್ಯದ ಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ.

ಒಂದು ಸರಳ ಲೆಕ್ಕ

ಉತ್ಸಾಹದ ಮಾತುಗಳ ನಡುವೆ ಲೆಕ್ಕ ಮರೆಯುವುದುಂಟು. ಹತ್ತು ಸೆಂಟಿಮೀಟರ್ ಉದ್ದಗಲದ ಒಂದು ಗಾಯದ ಪಟ್ಟಿಯನ್ನು ತೆಗೆದುಕೊಳ್ಳೋಣ. ಬಟ್ಟೆಯ ತೂಕ ಚದರ ಮೀಟರಿಗೆ 50 ಗ್ರಾಂ ಎಂದಿಟ್ಟುಕೊಂಡರೆ ಒಂದು ಪಟ್ಟಿಗೆ ಬೇಕಾಗುವುದು ಅರ್ಧ ಗ್ರಾಂ ಫೈಬ್ರೋಯಿನ್. ಹಾಗಾದರೆ ಒಂದು ಕಿಲೋದಲ್ಲಿ 2,000 ಪಟ್ಟಿಗಳು, ಒಂದು ಟನ್ನಿನಲ್ಲಿ 20 ಲಕ್ಷ ಪಟ್ಟಿಗಳು. ಒಂದು ಕೋಟಿ ಪಟ್ಟಿಗಳಿಗೆ ಐದು ಟನ್ ಸಾಕು. ಅಂಟು ತೆಗೆಯುವಾಗ ಕಾಲುಭಾಗ, ಹಿಂಜುವಾಗ ಇನ್ನಷ್ಟು ನಷ್ಟವಾಗುವುದೆಂದು ಸೇರಿಸಿ ದುಪ್ಪಟ್ಟು ಮಾಡಿಕೊಂಡರೂ ಹತ್ತು ಟನ್. ರಾಜ್ಯದ ವಾರ್ಷಿಕ ಕಚ್ಚಾ ರೇಷ್ಮೆ ಉತ್ಪಾದನೆಯೇ ಹತ್ತು ಸಾವಿರ ಟನ್ನಿಗೂ ಮಿಗಿಲು.

ಈ ಲೆಕ್ಕದಿಂದ ಎರಡು ತೀರ್ಮಾನಗಳು ಹೊರಡುತ್ತವೆ. ವೈದ್ಯಕೀಯ ಬಟ್ಟೆ ನಮ್ಮ ತ್ಯಾಜ್ಯದ ರಾಶಿಯನ್ನು ಕರಗಿಸಿಬಿಡುತ್ತದೆಂದು ರೈತರಿಗಾಗಲಿ ರೀಲರುಗಳಿಗಾಗಲಿ ಆಸೆ ಹುಟ್ಟಿಸುವುದು ಸರಿಯಲ್ಲ. ರಾಶಿಯ ಬಹುಭಾಗ ಹಿಂದಿನಂತೆ ಸ್ಪನ್ ರೇಷ್ಮೆಯ ಕಡೆಗೇ ಹೋಗುತ್ತದೆ, ಹೋಗಬೇಕು ಕೂಡ. ಎರಡನೆಯದಾಗಿ, ಬೇಕಾದ ಪ್ರಮಾಣ ಇಷ್ಟು ಕಡಿಮೆಯಿರುವುದರಿಂದ, ಆ ಅಲ್ಪ ಪ್ರಮಾಣವನ್ನು ಅತ್ಯಂತ ಎಚ್ಚರದಿಂದ, ಪ್ರತ್ಯೇಕವಾಗಿ, ದಾಖಲೆ ಸಮೇತ ತಯಾರಿಸುವುದು ಸಾಧ್ಯವಾದ ಕೆಲಸವೇ. ಸಾವಿರಾರು ಘಟಕಗಳನ್ನು ಒಮ್ಮೆಲೇ ತಿದ್ದಬೇಕಿಲ್ಲ. ಕೆಲವೇ ಡಜನ್ ಘಟಕಗಳು ಸಾಕು. ಈ ವ್ಯಾಪಾರದಲ್ಲಿ ಬೆಲೆ ತರುವುದು ಪ್ರಮಾಣವಲ್ಲ, ಪ್ರಮಾಣಪತ್ರ.

ಏಳಬಹುದಾದ ಆಕ್ಷೇಪಗಳು

ಹಾಗಿದ್ದರೆ ತ್ಯಾಜ್ಯದ ಗೊಡವೆ ಏಕೆ, ಒಳ್ಳೆಯ ದ್ವಿತಳಿ ಗೂಡನ್ನೇ ಕೊಂಡು ತಯಾರಕರು ತಮ್ಮ ಕೆಲಸ ಮಾಡಿಕೊಳ್ಳಲಿ ಎಂದು ಕೆಲವರು ಹೇಳಬಹುದು. ದೇಹದೊಳಗೆ ಇಡುವ ದುಬಾರಿ ಸಾಮಗ್ರಿಗೆ ಅದು ಸರಿಯೇ. ಆದರೆ ಬಡ ಮಧುಮೇಹಿಯ ಕಾಲಿನ ಹುಣ್ಣಿಗೆ ವಾರಗಟ್ಟಲೆ ಬದಲಿಸಬೇಕಾದ ಪಟ್ಟಿ ಅಗ್ಗವಾಗಿರಬೇಕು. ನೂಲಾಗಬಲ್ಲ ಗೂಡನ್ನು ಕತ್ತರಿಸಿ ಪಟ್ಟಿ ಮಾಡಿದರೆ ಆ ಪಟ್ಟಿ ಸೀರೆಯ ಬೆಲೆಯೊಡನೆ ಪೈಪೋಟಿ ನಡೆಸಬೇಕಾಗುತ್ತದೆ. ಇನ್ನೊಂದು ಮಾತು: ದೊಡ್ಡ ಖರೀದಿದಾರರು ತಮ್ಮದೇ ಗುಣಮಟ್ಟವನ್ನು ತಾವೇ ಗೊತ್ತುಪಡಿಸಿಕೊಂಡ ಮೇಲೆ ರೀಲರುಗಳು ಅವರು ಹೇಳಿದ ಬೆಲೆಗೆ ತಲೆಯಾಡಿಸಬೇಕಾಗುತ್ತದೆ. ಗುಣಮಟ್ಟ ಬರೆಯುವ ಮೇಜಿನ ಬಳಿ ಸಣ್ಣವರೂ ಕುಳಿತಿರಬೇಕಾದರೆ ಆ ಮೇಜನ್ನು ಹಾಕಬೇಕಾದವರು ನಾವು.

ದಿನವಿಡೀ ಬಿಸಿನೀರಿನಲ್ಲಿ ಕೈಯಿಟ್ಟು ದುಡಿಯುವ ಸಣ್ಣ ಘಟಕದವರು ದಾಖಲೆ ಇಡಬಲ್ಲರೇ ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ನಮ್ಮ ಕಸುಬಿನ ಚರಿತ್ರೆಯೇ ಉತ್ತರ ಕೊಡುತ್ತದೆ. ಪೆಬ್ರಿನ್ ರೋಗವನ್ನು ತಡೆಯಲು ಪ್ರತಿಯೊಂದು ತಾಯಿ ಪತಂಗವನ್ನೂ ಸೂಕ್ಷ್ಮದರ್ಶಕದಡಿ ಪರೀಕ್ಷಿಸುವ ಪದ್ಧತಿ ಪ್ಯಾಶ್ಚರ್ ಕಾಲದ್ದು. ಅದು ನಮ್ಮ ಹಳ್ಳಿಗಳಿಗೆ ಬಂದಾಗಲೂ ಇದೆಲ್ಲ ಆಗುವ ಮಾತೇ ಎಂದು ಕೇಳಿದವರಿದ್ದಿರಬೇಕು. ಇಂದು ರೋಗರಹಿತ ಮೊಟ್ಟೆ ಎಂಬುದು ಪ್ರತಿಯೊಬ್ಬ ಬೆಳೆಗಾರನ ಬಾಯಲ್ಲಿರುವ ಮಾತು. 1959ರಲ್ಲಿಯೇ ಈ ರಾಜ್ಯ ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ಉತ್ಪಾದನೆ, ಸರಬರಾಜು, ಮಾರಾಟಗಳನ್ನು ನಿಯಂತ್ರಿಸಲು ಕಾಯಿದೆ ಮಾಡಿತು. ಗೂಡು ಸರ್ಕಾರಿ ಮಾರುಕಟ್ಟೆಯಲ್ಲಿ ತೂಗಿ, ಹರಾಜಾಗಿ, ಲೆಕ್ಕಕ್ಕೆ ಬರುವ ಪದ್ಧತಿ ಹೀಗೆ ನೆಲೆಗೊಂಡಿತು. ಬಿತ್ತನೆಗೆ, ಗೂಡಿಗೆ, ನೂಲಿಗೆ ಲೆಕ್ಕ ಇಡಬಲ್ಲ ನಾವು ಆ ಕಾಯಿದೆಯ ಹೆಸರಿನಲ್ಲಿ ಜಾಗ ಸಿಗದ ನಾಲ್ಕನೆಯ ಸರಕಿಗೂ ಲೆಕ್ಕ ಇಡಬಲ್ಲೆವು.

ಆಗಬೇಕಾದ ಕೆಲಸಗಳು

ಮೊದಲನೆಯದಾಗಿ, ವೈದ್ಯಕೀಯ ಬಳಕೆಗೆ ಯೋಗ್ಯವಾದ ರೇಷ್ಮೆ ನಾರು ಎಂದರೇನು ಎಂಬುದಕ್ಕೆ ಒಂದು ಲಿಖಿತ ಮಾನದಂಡ ಸಿದ್ಧವಾಗಬೇಕು. ಉಳಿಕೆ ಸೆರಿಸಿನ್, ಮೇಣ, ಬೂದಿ, ಭಾರಲೋಹ, ಕೀಟನಾಶಕದ ಶೇಷ, ಬ್ಯಾಕ್ಟೀರಿಯಾಗಳ ಸಂಖ್ಯೆ, ಎಂಡೋಟಾಕ್ಸಿನ್ ಇವುಗಳಿಗೆ ಮಿತಿಗಳು ಅದರಲ್ಲಿರಬೇಕು. ಕೇಂದ್ರ ರೇಷ್ಮೆ ಮಂಡಳಿ ಮತ್ತು ಭಾರತೀಯ ಮಾನಕ ಬ್ಯೂರೋ ಈ ಕೆಲಸಕ್ಕೆ ಅರ್ಹ ಸಂಸ್ಥೆಗಳು. ಉದ್ಯಮದ ಕಡೆಯಿಂದ ಕರಡನ್ನು ಸಿದ್ಧಪಡಿಸಿ ಅವುಗಳ ಮುಂದಿಡುವ ಹೊಣೆಯನ್ನು ನಮ್ಮ ಸಂಸ್ಥೆ ಹೊರಬೇಕು.

ಎರಡನೆಯದಾಗಿ, ಆರಂಭವನ್ನು ಬಿತ್ತನೆ ಕೇಂದ್ರಗಳಿಂದ ಮಾಡುವುದು ಉಚಿತ. ಮೊಟ್ಟೆ ತಯಾರಿಕೆಗಾಗಿ ಅಲ್ಲಿಗೆ ಬರುವ ಗೂಡಿಗೆ ತಳಿ, ಬೆಳೆಗಾರ, ರೋಗಪರೀಕ್ಷೆಯ ವಿವರ ಮೊದಲೇ ಇರುತ್ತದೆ. ಆ ಗೂಡು ಬೇಸಿನ್ನಿನ ನೀರನ್ನು ಕಾಣುವುದೇ ಇಲ್ಲ. ಪತಂಗ ತಾನೇ ತೂತು ಮಾಡಿ ಹೊರಬಂದ ಗೂಡಿಗೆ ಅದರ ವಿಸರ್ಜನೆಯ ಕಲೆ ತಾಗಿರುತ್ತದೆ. ಗಂಡು ಹೆಣ್ಣು ಬೇರ್ಪಡಿಸಲು ಕತ್ತರಿಸಿ ಪ್ಯೂಪಾ ತೆಗೆದ ಗೂಡಾದರೆ ಅದಕ್ಕಿಂತ ಶುಭ್ರ. ಆ ಕತ್ತರಿಸಿದ ಗೂಡನ್ನು ತಳಿವಾರು, ದಿನಾಂಕವಾರು ಪ್ರತ್ಯೇಕ ಚೀಲಗಳಲ್ಲಿ ಇರಿಸಿ ಮಾರಿದರೆ, ಮೇಲೆ ಹೇಳಿದ ಖರೀದಿದಾರನ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಿಗೆ ಉತ್ತರ ಅಲ್ಲಿಯೇ ದೊರೆಯುತ್ತದೆ. ಇದಕ್ಕೆ ಹೊಸ ಯಂತ್ರ ಬೇಡ. ಚೀಲ, ಚೀಟಿ ಮತ್ತು ಶಿಸ್ತು ಇದ್ದರೆ ಸಾಕು.

ಮೂರನೆಯದಾಗಿ, ರೇಷ್ಮೆ ಪ್ರದೇಶದಲ್ಲಿ ಎಲ್ಲರ ಬಳಕೆಗೆ ಒಂದು ಶುದ್ಧ ಅಂಟುನಿವಾರಣಾ ಘಟಕ ಬೇಕು. ಖನಿಜರಹಿತ ನೀರು, ನಿಗದಿತ ಕಾಲ ಮತ್ತು ಉಷ್ಣತೆ, ಪ್ರತಿ ಕಂತಿಗೂ ಸಂಖ್ಯೆ, ಒಣಗಿಸಲು ಮುಚ್ಚಿದ ಕೊಠಡಿ, ಇವಿಷ್ಟು ಅದರ ಅಗತ್ಯಗಳು. ತೊಳೆದ ನೀರಿನಲ್ಲಿ ಇಳಿಯುವ ಸೆರಿಸಿನ್ ಇಂದು ಚರಂಡಿಗೆ ಹರಿದು ಮಾಲಿನ್ಯವಾಗುತ್ತಿದೆ; ಸೌಂದರ್ಯವರ್ಧಕಗಳ ತಯಾರಿಕೆಯಲ್ಲಿ ಅದಕ್ಕೆ ಬೇಡಿಕೆಯಿರುವುದರಿಂದ ಅದನ್ನೂ ಮರಳಿ ಪಡೆಯುವ ವ್ಯವಸ್ಥೆ ಅಲ್ಲಿರಬೇಕು. ತಾಂತ್ರಿಕ ಜವಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ 1,480 ಕೋಟಿ ರೂಪಾಯಿಗಳ ರಾಷ್ಟ್ರೀಯ ಅಭಿಯಾನವನ್ನು ಪ್ರಕಟಿಸಿತು. ವೈದ್ಯಕೀಯ ಜವಳಿ ಅದರ ಒಂದು ಅಂಗವಾಗಿತ್ತು. ಮುಂದೆ ಬರುವ ಇಂತಹ ಯೋಜನೆಗಳಲ್ಲಿ ಒಂಟಿ ಕಾರ್ಖಾನೆಗಳಿಗಿಂತ ಮೊದಲು ಇಂತಹ ಸಮಾನ ಸೌಲಭ್ಯಕ್ಕೆ ನೆರವು ಕೇಳುವುದು ನ್ಯಾಯ.

ನಾಲ್ಕನೆಯದಾಗಿ, ದಾಖಲೆಯಿರುವ ತ್ಯಾಜ್ಯಕ್ಕೆ ಪ್ರತ್ಯೇಕ ಹರಾಜು ನಡೆಯಬೇಕು. ರಾಮನಗರದಲ್ಲಿ ಗೂಡಿಗೆ ಇ-ಹರಾಜು ಬಂದಿದೆ. ಅದೇ ವ್ಯವಸ್ಥೆಯಲ್ಲಿ ವಾರಕ್ಕೊಮ್ಮೆ ಇಂತಹ ಸರಕಿಗೂ ಸ್ಥಳ ಕೊಟ್ಟರೆ, ಎಚ್ಚರ ವಹಿಸಿದವನಿಗೆ ಎಷ್ಟು ಹೆಚ್ಚು ಬೆಲೆ ದೊರೆಯಿತೆಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ನೂರು ತರಬೇತಿ ಶಿಬಿರಗಳು ಮಾಡದ ಕೆಲಸವನ್ನು ಬೆಲೆಯ ಒಂದು ಫಲಕ ಮಾಡಬಲ್ಲದು.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಪ್ರಯೋಗಾಲಯದ ಫಲಿತಾಂಶವನ್ನು ರೋಗಿಯ ಮೇಲಿನ ಫಲಿತಾಂಶವೆಂದು ಪ್ರಚಾರ ಮಾಡಬಾರದು. ಇಲಿಯ ಚರ್ಮದಡಿ ಅಂಗಾಂಶ ಬೆಳೆದದ್ದು ಮನುಷ್ಯನ ಹುಣ್ಣು ಮಾಯುವುದಕ್ಕೆ ಸಾಕ್ಷಿಯಾಗದು. ಯಾವ ಗಾಯಕ್ಕೆ, ಎಷ್ಟು ದಿನಕ್ಕೆ, ಯಾವ ಸಾಮಾನ್ಯ ಪಟ್ಟಿಗಿಂತ ಮೇಲು ಎಂಬುದನ್ನು ವೈದ್ಯಕೀಯ ಕಾಲೇಜುಗಳ ಸಹಕಾರದೊಡನೆ ಕ್ರಮಬದ್ಧವಾಗಿ ಪರೀಕ್ಷಿಸಿದ ಮೇಲೆಯೇ ಹೇಳಬೇಕು. ಒಬ್ಬನ ಅತಿಮಾತಿನಿಂದ ಇಡೀ ರಾಜ್ಯದ ರೇಷ್ಮೆಗೆ ಕೆಟ್ಟ ಹೆಸರು ಬಂದರೆ ಅದನ್ನು ತೊಳೆಯಲು ಯಾವ ಸೋಡಾವೂ ಸಾಲದು.

ಇವೆಲ್ಲ ವಾಣಿಜ್ಯ ಮಂಡಳಿಯ ಕೆಲಸವೇ ಎಂದು ಸದಸ್ಯರಲ್ಲಿ ಕೆಲವರು ಪ್ರಶ್ನಿಸಬಹುದು. 2005ರ ವೆರೋನಾ ಪ್ರಯೋಗವನ್ನು ಮೇಲೆ ಪ್ರಸ್ತಾಪಿಸಿದೆ. ಆ ಸಂಶೋಧನೆಯಲ್ಲಿ ಮಿಲಾನ್ ನಗರದ ರೇಷ್ಮೆ ಪ್ರಯೋಗ ಕೇಂದ್ರದ ಜೂಲಿಯಾನೊ ಫ್ರೆಡ್ಡಿಯವರೂ ಭಾಗಿಯಾಗಿದ್ದರು. ನೂಲಿನ ಗುಣ ಪರೀಕ್ಷೆ ರೇಷ್ಮೆ ಉದ್ಯಮಕ್ಕೆ ಅಂತಹ ಕೇಂದ್ರ ಸಲ್ಲಿಸುವ ಸಾಮಾನ್ಯ ಸೇವೆ. ಅದೇ ಕೇಂದ್ರದ ಅನುಭವ ವೈದ್ಯರ ಪ್ರಯೋಗಕ್ಕೂ ಒದಗಿತು. 2010ರಲ್ಲಿ ಇಟಲಿ ಸರ್ಕಾರ ಅಂತಹ ಕೇಂದ್ರಗಳನ್ನು ಪ್ರತ್ಯೇಕ ಸಂಸ್ಥೆಗಳಾಗಿ ಉಳಿಸದಿರಲು ನಿರ್ಧರಿಸಿದಾಗ ರೇಷ್ಮೆ ಕೇಂದ್ರದ ಹೊಣೆ ಮಿಲಾನಿನ ವಾಣಿಜ್ಯ ಮಂಡಳಿಗೆ ಬಂದಿತು. ಇಟಲಿಯಲ್ಲಿ ರೇಷ್ಮೆ ಹುಳು ಸಾಕಣೆ ಬಹುಮಟ್ಟಿಗೆ ನಿಂತುಹೋಗಿದೆ. ಅಲ್ಲಿನ ಉದ್ಯಮ ಹೊರದೇಶದ ರೇಷ್ಮೆಯನ್ನು ನೆಚ್ಚಿಕೊಂಡಿದೆ. ಆದರೂ ರೇಷ್ಮೆಯ ಪರೀಕ್ಷಾ ಕೇಂದ್ರ ವರ್ತಕರ ಮಂಡಳಿಯ ಆಶ್ರಯದಲ್ಲಿ ಮುಂದುವರಿಯಿತು.

ನಮ್ಮಲ್ಲಿ ಗೂಡು ಇದೆ, ಬೆಳೆಯುವ ಕೈಗಳಿವೆ, ಬಿಚ್ಚುವ ಕೈಗಳಿವೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ರೇಷ್ಮೆ, ಔಷಧ ಮತ್ತು ಜವಳಿ ಉಪಸಮಿತಿಗಳನ್ನು ಒಂದೇ ಮೇಜಿನ ಸುತ್ತ ಸೇರಿಸಿ, ಮೇಲೆ ಹೇಳಿದ ಮಾನದಂಡದ ಕರಡನ್ನು ಬರೆಯಲು ಒಂದು ಸಣ್ಣ ತಂಡವನ್ನು ನೇಮಿಸಬೇಕೆಂದು ಸೂಚಿಸುತ್ತೇನೆ. ರೀಲರುಗಳ ಸಂಘಗಳಿಂದ ಕನಿಷ್ಠ ಇಬ್ಬರಿಗೆ ಆ ತಂಡದಲ್ಲಿ ಸ್ಥಾನವಿರಬೇಕು. ಯಂತ್ರದ ಮಾತನ್ನು ಅನಂತರ ಆಡಬಹುದು.